ನಮ್ಮನೆಯವರು

ಬೀಜದ ಮೇಷ್ಟ್ರು ನನ್ನನ್ನು ಗಿಡದ ಕುಂಡದ ಸುತ್ತ ಒಂದು ಸುತ್ತು ಹಾಕಿಸಿ ವರ್ಷವಾಗುತ್ತ ಬಂತು. ಇವತ್ತಿಗೂ ಆ ಕೋಣೆಯ ಹೊಸ್ತಿಲು ದಾಟುವಾಗ ನನ್ನೆದೆ ಧಸಕ್ಕೆನ್ನುತ್ತದೆ. ಹೇಳಿದರೆ ಕೆಲವರು ನಗುತ್ತಾರೆ. ನಗಲಿ ಬಿಡಿ, ಅಲ್ಲಿ ನಿಂತದ್ದು ನಾನು, ಅವರಲ್ಲ.

ನಮ್ಮನೆಯವರು ಲೈನ್‌ಮನ್ ಆಗಿದ್ದವರು. ಇಪ್ಪತ್ತೆಂಟು ವರ್ಷ ಈ ಊರಿನ ಕಂಬಗಳನ್ನೆಲ್ಲ ಹತ್ತಿ ಇಳಿದರು, ಒಂದು ದಿನ ಮಾತ್ರ ಇಳಿಯಲಿಲ್ಲ, ಬಿದ್ದರು. ಜೀವ ಉಳಿಯಿತು. ಸೊಂಟದ ಕೆಳಗಿನ ನರಗಳು ಕೆಟ್ಟವು. ಕಾಲು ಎತ್ತಿಡಲು ಬರುವುದಿಲ್ಲ, ಆದರೆ ಆ ಕಾಲಿನಲ್ಲೇ ದಿನಕ್ಕೆ ಹತ್ತು ಸಲ ಕರೆಂಟು ಹೊಡೆದಂಥ ನೋವು. ಕರೆಂಟು ಹೊಡೆಸಿಕೊಂಡು ಗೊತ್ತಿದ್ದವರ ಮಾತು, ನಂಬಲೇಬೇಕು. ನೋವು ಬಂದಾಗ ಅವರು ಕೂಗಿದರೆ ನಮ್ಮ ಓಣಿಯ ನಾಯಿಗಳೂ ಸುಮ್ಮನಾಗುತ್ತಿದ್ದವು. ಮಾತ್ರೆಗಳು ಹೊಟ್ಟೆ ಕೆಡಿಸಿದವೇ ಹೊರತು ನೋವಿನ ತಂಟೆಗೆ ಹೋಗಲಿಲ್ಲ. ಅವರ ಹೆಸರೇನು ಅಂತ ಕೇಳಬೇಡಿ, ಅದರ ಜಾಗ ಬಂದಾಗ ನಾನೇ ಹೇಳುತ್ತೇನೆ.

ನಮ್ಮೂರಲ್ಲಿ ಇಂಥ ನೋವಿಗೆ ಗಾಂಜಾ ಗಿಡದ ಮದ್ದು. ಅಂಗಡಿಯಲ್ಲಿ ಕೊಳ್ಳುವಂಥದ್ದಲ್ಲ. ಬೀಜದ ಕಚೇರಿಯವರು ನೋವಿದ್ದ ಮನೆಗೆ ವರ್ಷಕ್ಕೆ ಒಂದೇ ಒಂದು ಬೀಜ ಕೊಡುತ್ತಾರೆ. ಅದನ್ನು ಮನೆಯೊಳಗೆ, ರೋಗಿ ಮಲಗುವ ಕೋಣೆಯಲ್ಲೇ ಕುಂಡದಲ್ಲಿಟ್ಟು ಬೆಳೆಸಬೇಕು. ಬೀಜ ಹಾಕುವಾಗ ಮಣ್ಣಿನ ಮೇಲೆ ಬಗ್ಗಿ, ಯಾರಿಗಾಗಿ ಹಾಕುತ್ತಿದ್ದೇವೆಂದು ಬಾಯಿಬಿಟ್ಟು ಹೆಸರು ಹೇಳಬೇಕು. ಹೆಸರು ಯಾರದೋ ಗಿಡ ಅವರದು. ಐದನೇ ವಾರ ಕಳೆದ ಮೇಲೆ ಅವರು ಎಲ್ಲಿರುತ್ತಾರೋ ಅತ್ತ ವಾಲುತ್ತದೆ, ಹೂವಿನ ಮದ್ದು ಅವರಿಗೆ ಮಾತ್ರ ಹತ್ತುತ್ತದೆ, ಮಿಕ್ಕವರಿಗೆ ಬರೀ ಸೊಪ್ಪು. ಎದುರು ಮನೆಯ ರೋಸಮ್ಮ, ಶಾಲೆಯಲ್ಲಿ ಆಯಾ ಆಗಿದ್ದವಳು, ತನ್ನ ತಮ್ಮನಿಗಾಗಿ ಮೂರು ವರ್ಷ ಬೆಳೆಸಿದ್ದಳು. ಆ ತಮ್ಮ ಬಚ್ಚಲಿಗೆ ಹೋದರೆ ಗಿಡ ಬಚ್ಚಲ ಕಡೆ ಹೊರಳುತ್ತಿತ್ತು, ಜಗುಲಿಗೆ ಬಂದರೆ ಜಗುಲಿ ಕಡೆ. ನಾವೆಲ್ಲ ನೋಡಿದ್ದೇವೆ. ಅದರಲ್ಲಿ ಬೆರಗಾಗುವಂಥದ್ದು ನಮ್ಮೂರಿನವರಿಗೆ ಏನೂ ಇಲ್ಲ.

ಕಚೇರಿಯಿಂದ ಬೀಜ ತರುವವರು ತಿಮ್ಮರಸಯ್ಯನವರು. ಮೊದಲು ಮೇಷ್ಟ್ರಾಗಿದ್ದರು, ಈಗ ಮನೆಮನೆಗೆ ಹೋಗಿ ಗಿಡ ನೋಡುತ್ತಾರೆ. ಜೇಬಿನಲ್ಲಿ ಸೀಮೆಸುಣ್ಣದ ತುಂಡು ಇನ್ನೂ ಇರುತ್ತದೆ. ಅವರು ನನ್ನ ಕೈಗೆ ಬೀಜ ಕೊಟ್ಟು ಕಾನೂನು ಹೇಳಿದರು. ಹೂವು ಬಿಡುವ ಮೊದಲು ಗಿಡ ಸತ್ತರೆ ಅದನ್ನು ತಂದು ತೋರಿಸಿ ಬೇರೆ ಬೀಜ ಪಡೆಯಬಹುದು. ಒಂದು ಮೊಗ್ಗು ಬಿರಿದರೂ ಮುಗಿಯಿತು, ಮುಂದಿನ ವರ್ಷದ ತನಕ ಬೇರೆ ಬೀಜವಿಲ್ಲ. ಹೆಸರನ್ನು ರೋಗಿಯೇ ಹೇಳಬಹುದು, ಮನೆಯವರೂ ಹೇಳಬಹುದು. ಇವರಿಗೆ ಬಗ್ಗಲು ಆಗುವುದಿಲ್ಲವಲ್ಲ, ಹಾಗಾಗಿ ನಾನೇ ಕುಂಡದ ಮುಂದೆ ಕೂತೆ.

ಅಲ್ಲೇ ನನ್ನ ಗ್ರಹಚಾರ ಕೆಟ್ಟದ್ದು. ಮದುವೆಯಾಗಿ ಮೂವತ್ತೊಂದು ವರ್ಷ, ಇವರ ಹೆಸರನ್ನು ನಾನು ಒಂದು ಸಲವೂ ನೇರವಾಗಿ ಹೇಳಿದವಳಲ್ಲ. ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಗಂಡನ ಹೆಸರು ಸೇರಿಸಿ ಒಗಟು ಹೇಳಿಸಿದ್ದರು. ಅದರ ನಡುವೆ ಎಲ್ಲೋ ಸುತ್ತಿಟ್ಟು ಆಡಿದ್ದೇ ಮೊದಲು, ಅದೇ ಕೊನೆ. ಆಸ್ಪತ್ರೆಯಲ್ಲಿ ಹೆಸರು ಕೇಳಿದರೆ ಚೀಟಿ ತೋರಿಸುತ್ತಿದ್ದೆ. ರೇಷನ್ ಅಂಗಡಿಯಲ್ಲಿ ಕಾರ್ಡು ಮುಂದೆ ಹಿಡಿಯುತ್ತಿದ್ದೆ. ಮಿಕ್ಕ ಕಡೆಯೆಲ್ಲ ‘ನಮ್ಮನೆಯವರು’ ಅಂದರೆ ಆಯಿತು. ಅವರೂ ಪರರ ಮುಂದೆ ನನ್ನನ್ನು ಹಾಗೇ ಅನ್ನುತ್ತಿದ್ದರು. ಕುಂಡದ ಮುಂದೆ ಕೂತು ಹಿಂದೆ ತಿರುಗಿ ನೋಡಿದರೆ ಅತ್ತೆ ಗೋಡೆಗೆ ಒರಗಿ ಕಿವಿ ನಿಗುರಿಸಿ ಕೂತಿದ್ದಾರೆ. ಹೆತ್ತ ತಾಯಿಯ ಮುಂದೆ ಅವರ ಮಗನ ಹೆಸರನ್ನು ಹೆಂಡತಿಯಾದವಳು ಆಡುವುದೇ? ನನ್ನ ಮುಖಕ್ಕೆ ರಕ್ತ ಏರಿತು. ಮಣ್ಣಿಗೆ ಮುಖ ತಾಗುವಷ್ಟು ಬಗ್ಗಿ, ನಮ್ಮನೆಯವರಿಗೆ, ನಮ್ಮನೆಯವರ ನೋವಿಗೆ, ಅಂತ ಪಿಸುಗುಟ್ಟಿ ಬೀಜ ಮುಚ್ಚಿದೆ. ಮೇಷ್ಟ್ರು ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಹೇಳಿದ್ರಾ ಅಮ್ಮ ಅಂತ ಕೂಗಿ ಕೇಳಿದರು. ಹೇಳಿದೆ ಅಂದೆ. ನನ್ನ ಮಟ್ಟಿಗೆ ಅದು ಸುಳ್ಳಲ್ಲ.

ಮನೆಯೊಳಗೆ ಗಿಡ ಬೆಳೆಸುವುದೆಂದರೆ ತುಳಸಿಕಟ್ಟೆಗೆ ನೀರು ಹಾಕಿದ ಹಾಗೆ ಅಂದುಕೊಂಡಿದ್ದೆ. ಎರಡು ಎಲೆ ಕಂಡ ಖುಷಿಗೆ ಬೆಳಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು ನೀರು ಸುರಿದೆ. ಎಲೆ ಹಳದಿಯಾಗಿ ಜೋತುಬಿತ್ತು. ರೋಸಮ್ಮ ಬಂದು ನೋಡಿ, ಇದೇನು ಎಮ್ಮೆಗೆ ನೀರು ಕುಡಿಸ್ತಿದೀಯಾ ಅಂತ ಬೈದಳು. ಬೆರಳು ಒಳಗೆ ಹಾಕಿ ನೋಡು, ಒಣಗಿದ್ದರೆ ಮಾತ್ರ ಹಾಕು, ತೆಂಗಿನ ನಾರಿನ ಪುಡಿ ಕಲಸು ಅಂದಳು. ಆಮೇಲೆ ಬೆಳಕಿನ ಪಾಡು. ದಿನಕ್ಕೆ ಹದಿನೆಂಟು ಗಂಟೆ ದೀಪ ಬೇಕು. ಲೈನ್‌ಮನ್ನರ ಮನೆಯಲ್ಲಿ ದೀಪಕ್ಕೇನು ಬರ, ಇವರು ಮಂಚದ ಮೇಲಿಂದಲೇ ಹುಕುಂ ಕೊಡುತ್ತಿದ್ದರು, ನಾನು ಸ್ಟೂಲು ಹತ್ತಿ ವೈರು ಎಳೆಯುತ್ತಿದ್ದೆ. ಕೆಂಪು ಅಲ್ವೇ, ಕಪ್ಪು, ಕಪ್ಪು ವೈರು ಅಂತ ಅವರು, ಎರಡೂ ಮಾಸಿ ಒಂದೇ ಆಗಿದಾವಲ್ರೀ ಅಂತ ನಾನು. ದೀಪ ತೀರ ಹತ್ತಿರವಾಗಿ ಮೇಲಿನ ಎಲೆಯ ತುದಿ ಸುಟ್ಟು ಕಂದಾದಾಗ ಅವರಿಗೆ ತಮ್ಮ ಕಾಲಿಗಿಂತ ಹೆಚ್ಚು ಸಂಕಟವಾಯಿತು. ಗೋಡೆಗೆಲ್ಲ ಬೆಳ್ಳಿ ಕಾಗದ ಅಂಟಿಸಿದೆವು. ಗಾಳಿಗೆ ಹಳೇ ಟೇಬಲ್ ಫ್ಯಾನು ಇಟ್ಟೆವು. ಅತ್ತೆಗೆ ಇದೆಲ್ಲ ತಮಾಷೆ. ಅವರ ಕಾಲದಲ್ಲಿ ಬೈರಾಗಿಗಳು ಮರದಡಿ ಸೇದುತ್ತಿದ್ದ ಗಿಡ, ಇವತ್ತು ನಮ್ಮನೆ ಒಳಗೆ ಫ್ಯಾನು ಹಾಕಿಸಿಕೊಂಡು ಕೂತಿದೆ ಅಂತ ಬಂದವರಿಗೆಲ್ಲ ಹೇಳುತ್ತಿದ್ದರು.

ಕುಂಡ ಸಣ್ಣದಲ್ಲ. ನೆಲ ಗುಡಿಸಲು ಅದನ್ನು ಎತ್ತಿಡಬೇಕಾದಾಗ ನಾನು ಇವರದೊಂದು ಹಳೇ ಪಂಚೆಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದೆ. ಬಲಗಡೆ ಪಕ್ಕೆಯ ಕೆಳಗೆ ನನಗೆ ಎರಡು ವರ್ಷದಿಂದ ಗ್ಯಾಸು. ಒಮ್ಮೊಮ್ಮೆ ಉಸಿರು ಕಟ್ಟುವಷ್ಟು ಹಿಡಿಯುತ್ತಿತ್ತು, ಓಮದ ಕಾಳು ಅಗಿದು ಬಿಸಿನೀರು ಕುಡಿದು ಗೋಡೆ ಹಿಡಿದು ನಿಂತರೆ ಒಂದಷ್ಟು ಹೊತ್ತಿಗೆ ಬಿಡುತ್ತಿತ್ತು. ಪಂಚೆ ಕಟ್ಟಿಕೊಂಡರೆ ಇನ್ನೂ ವಾಸಿ. ಮನೆಯಲ್ಲಿ ಒಬ್ಬರು ಹಾಗೆ ಕೂಗುತ್ತಿರುವಾಗ ಗ್ಯಾಸಿನ ಸುದ್ದಿ ಎತ್ತಲು ಯಾರಿಗೆ ಪುರುಸೊತ್ತು?

ಐದನೇ ವಾರ ಕಳೆಯಿತು. ಒಂದು ಬೆಳಗ್ಗೆ ಮಂಚದ ಅಂಚಿಗೆ ಕೂತು ಇವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ತಲೆ ಎತ್ತಿ ನೋಡಿದರೆ ಗಿಡ ಮಂಚದ ಕಡೆಗೇ ವಾಲಿದೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಎಣ್ಣೆ ಕೈಯಲ್ಲೇ ಅವರ ಗಲ್ಲ ಹಿಡಿದುಬಿಟ್ಟೆ. ನೋಡ್ರೀ, ನಿಮ್ಮ ಕಡೆಗೇ ಬಂದಿದೆ ಅಂದೆ. ಅವರು ಗಿಡವನ್ನು ನೋಡಿದರು, ನನ್ನನ್ನು ನೋಡಿದರು. ಅವರಿಗೂ ಸಂತೋಷವಾಗಿದೆ ಅಂದುಕೊಂಡೆ.

ಸಂತೋಷ ಮಧ್ಯಾಹ್ನದವರೆಗೂ ಉಳಿಯಲಿಲ್ಲ. ಗಂಜಿ ತೆಗೆದುಕೊಂಡು ಬಂದರೆ ಗಿಡ ಬಾಗಿಲ ಕಡೆ ಮುಖ ಮಾಡಿದೆ. ಹೋಗಿ ಮಂಚದ ಮೇಲೆ ಕೂತೆ, ನಿಧಾನಕ್ಕೆ ಮತ್ತೆ ಮಂಚದ ಕಡೆ ಹೊರಳಿತು. ಸಂಜೆ ದೀಪ ನೋಡಲು ಬಂದೆ, ಮತ್ತೆ ಬಾಗಿಲ ಕಡೆ. ಮರುದಿನವೂ ಅದೇ. ನಾನು ಒಳಗೆ ಬಂದಾಗೆಲ್ಲ ಬಾಗಿಲಿಗೇ ಎದುರು, ಇವರ ಪಕ್ಕ ಕೂತರೆ ಮಾತ್ರ ಇವರ ಕಡೆ. ಇದೇನು ಎರಡು ಮನಸ್ಸಿನ ಗಿಡ ಅಂತ ನನಗೆ ದಿಗಿಲಾಯಿತು. ಬಾಗಿಲ ಆಚೆ ಏನಿದೆ? ಬಾಗಿಲ ಆಚೆ ಬೆಂಚಿನ ಮೇಲೆ ಅತ್ತೆ ಕೂತಿರುತ್ತಾರೆ. ಬೆಳಗ್ಗೆ ಕೂತರೆ ಊಟಕ್ಕೆ ಏಳುವುದು. ನೆತ್ತಿಗೆ ಹತ್ತಿತು ನನಗೆ. ಮೊಣಕಾಲು ನೋವು, ಹಲ್ಲು ನೋವು ಅಂತ ಹೊತ್ತಿಗೊಂದು ಸಲ ನರಳುವ ಮುದುಕಿ, ಮಗನ ಗಿಡವನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಾಳೆ!

ನಾನು ಆಡಬಾರದ್ದು ಆಡಿದೆ. ನಿಮ್ಮ ನರಳಾಟ ಇಲ್ಲಿ ಬೇಡ, ಗಿಡ ಕೆಡುತ್ತೆ ಅಂದೆ. ಬೆಂಚನ್ನು ಎತ್ತಿಸಿ ರೋಸಮ್ಮನ ಜಗುಲಿಗೆ ಹಾಕಿಸಿದೆ. ಅತ್ತೆ ಕೋಲೂರಿಕೊಂಡು ಓಣಿ ದಾಟಿ ಹೋದರು. ಆಮೇಲೆ ವಾರಗಟ್ಟಲೆ ಅವರ ಹಗಲೆಲ್ಲ ಪರರ ಜಗುಲಿಯಲ್ಲಿ ಕಳೆಯಿತು. ಗಿಡ ಆದರೂ ಬಾಗಿಲು ನೋಡುವುದು ಬಿಡಲಿಲ್ಲ. ಮುದುಕಿ ಎಷ್ಟು ದೂರ ಹೋದರೂ ಸೆಳೆಯುತ್ತಾಳಲ್ಲ ಅಂತ ಹಲ್ಲು ಕಡಿದೆ. ನಾನು ಎಂಥ ಕುರುಡಿ ಅಂತ ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಅದೇ ದಿನಗಳಲ್ಲಿ ಇವರು ಬದಲಾದರು. ಕೂಗುವುದು ನಿಂತಿತು. ಮೊದಮೊದಲು ಕಡಿಮೆಯಾಯಿತು, ಆಮೇಲೆ ಪೂರ್ತಿ ನಿಂತಿತು. ಗಿಡದ ಗಾಳಿಯೇ ಗುಣ ಕೊಡುತ್ತಿದೆ ಅಂತ ನಾನು ಊರೆಲ್ಲ ಹೇಳಿಕೊಂಡು ಬಂದೆ. ಗಿಡದ ಮೇಲೆ ಅವರಿಗೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತು. ಬೆರಳು ಹಾಕಿ ನೋಡಿದ್ಯಾ, ದೀಪ ಮೇಲಕ್ಕೆತ್ತಿದ್ಯಾ, ನುಸಿ ಬಂದಿದೆಯಾ ನೋಡು, ಎಲೆ ಹಿಂದೆ ನೋಡು ಅಂತ ಬೆಳಗಿನಿಂದ ಅದೇ ಜಪ. ಜೊತೆಗೆ ಹೊಸದೊಂದು ರಗಳೆ ಶುರುವಿಟ್ಟರು: ನೀನು ದೊಡ್ಡಾಸ್ಪತ್ರೆಗೆ ಹೋಗಿ ಹೊಟ್ಟೆ ತೋರಿಸಿಕೊಂಡು ಬಾ. ಗ್ಯಾಸಿಗೆಲ್ಲ ಯಾರು ದೊಡ್ಡಾಸ್ಪತ್ರೆಗೆ ಹೋಗುತ್ತಾರೆ ಅಂದೆ. ಗಿಡ ನೋಡುವವರು ಯಾರು ಅಂದೆ. ದಿನಾ ಕೇಳಿದರು, ದಿನಾ ನಾನು ಹಾಗೇ ತಳ್ಳಿಹಾಕಿದೆ.

ಇನ್ನೊಂದು ಸಂಗತಿ, ಆಗ ಅದಕ್ಕೆ ನಾನು ಬೆಲೆ ಕೊಡಲಿಲ್ಲ. ಇವರ ಟವೆಲು ಒಗೆಯುವಾಗ ಅದರ ತುಂಬ ತೂತು ಕಂಡವು. ಅಂಚಿನುದ್ದಕ್ಕೂ ಕಡಿದ ಗುರುತು. ಇಲಿ ಬಂದಿದೆ ಅಂತ ಬೋನು ತಂದು ಮಂಚದ ಕೆಳಗೆ ಇಟ್ಟೆ, ಹುರಿದ ಕೊಬ್ಬರಿ ಸಿಕ್ಕಿಸಿದೆ. ಇಲಿ ಬೀಳಲಿಲ್ಲ. ಬೇರೆ ಟವೆಲು ಕೊಟ್ಟೆ, ವಾರದಲ್ಲಿ ಅದೂ ಹಾಗೇ ಆಯಿತು. ಜಾಣ ಇಲಿ ಕಣೆ, ಕೊಬ್ಬರಿಗೆ ಬಗ್ಗಲ್ಲ ಅಂದರು ಇವರು.

ಎಂಟನೇ ವಾರ ಮೇಷ್ಟ್ರು ಗಿಡ ನೋಡಲು ಬಂದರು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗಿಂದ ಇವರ ದನಿ ಜೋರಾಗಿ ಕೇಳಿತು, ಈಗ ಬೇಡ ಹೋಗಿ, ಹೂವು ಬಂದ ಮೇಲೆ ಬನ್ನಿ, ದಿನಾ ಬಂದು ಮೂಸೋದಕ್ಕೆ ಇದೇನು ನಿಮ್ಮಪ್ಪನ ತೋಟವಾ ಅಂತ. ಜೀವಮಾನದಲ್ಲಿ ಮೇಷ್ಟ್ರುಗಳಿಗೆ ಎದುರು ಮಾತಾಡಿದವರಲ್ಲ ಅವರು. ಒದ್ದೆ ಕೈ ಒರೆಸಿಕೊಂಡು ಓಡಿ ಬರುವಷ್ಟರಲ್ಲಿ ತಿಮ್ಮರಸಯ್ಯನವರು ಮುಖ ಕೆಂಪಗೆ ಮಾಡಿಕೊಂಡು ಸೈಕಲ್ ಹತ್ತಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಇವರು ಮಾತ್ರ ಸೂರು ನೋಡಿಕೊಂಡು ಮಲಗಿದ್ದರು, ಹಣೆಯೆಲ್ಲ ಬೆವರು.

ಆಮೇಲೆ ರೋಸಮ್ಮ ಹೇಳಿದ ಹಾಗೆ ದೀಪವನ್ನು ಹನ್ನೆರಡು ಗಂಟೆಗೆ ಇಳಿಸಿದೆವು. ಗೆಣ್ಣುಗೆಣ್ಣಿನಲ್ಲಿ ಬಿಳೀ ಕೂದಲಿನಂಥ ಎಳೆ ಕಂಡವು. ಹೆಣ್ಣು ಗಿಡ, ಮದ್ದಿನ ಗಿಡ! ಗಂಡಾಗಿದ್ದರೆ ಎರಡು ತಿಂಗಳ ಪಾಡು ನೀರುಪಾಲು. ಹತ್ತನೇ ವಾರ ಮೊದಲ ಮೊಗ್ಗು ಬಿರಿಯಿತು. ಮನೆಯೆಲ್ಲ ಘಾಟು ವಾಸನೆ, ಓಣಿಯ ತುದಿಗೂ ಹೊಡೆಯುತ್ತಿತ್ತು. ಇವರು ಆ ಹೂವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ, ಹೋಗಿ ಮೇಷ್ಟ್ರನ್ನ ಕರ್ಕೊಂಡು ಬಾ, ನಾನು ಕ್ಷಮೆ ಕೇಳ್ದೆ ಅಂತ ಹೇಳು ಅಂದರು.

ಮೇಷ್ಟ್ರು ಬಂದರು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಸೀಮೆಸುಣ್ಣ ತೆಗೆದು ಕುಂಡದಿಂದ ಮಂಚದವರೆಗೆ ನೆಲದ ಮೇಲೆ ಗೆರೆ ಎಳೆದರು. ಗಿಡ ಆ ಗೆರೆಯ ಮೇಲೆ ವಾಲಬೇಕು, ಅದು ಅವರ ಲೆಕ್ಕ. ನಾನು ಬಾಗಿಲಲ್ಲಿ ನಿಂತಿದ್ದೆ. ಗಿಡ ಗೆರೆ ಬಿಟ್ಟು ಬಾಗಿಲ ಕಡೆ ವಾಲಿತ್ತು. ಅದು ನಮ್ಮತ್ತೆಯ ಕಿತಾಪತಿ ಮೇಷ್ಟ್ರೇ ಅಂತ ನಾನು ಶುರು ಮಾಡಿದೆ. ಅವರು ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದರು. ಕಿಟಕಿಯಿಂದ ಎದುರು ಜಗುಲಿ ನೋಡಿದರು, ಅತ್ತೆ ಅಲ್ಲಿ ಬೆಂಚಿನ ಮೇಲೆ ತೂಕಡಿಸುತ್ತಿದ್ದರು. ಜಗುಲಿಯಿದ್ದದ್ದು ಕಿಟಕಿಯ ಕಡೆ. ಬಾಗಿಲಿದ್ದದ್ದು ಅದರ ಎದುರು ಗೋಡೆಯಲ್ಲಿ. ಅಷ್ಟು ವಾರ ಆ ಕೋಣೆಯಲ್ಲಿ ಓಡಾಡಿದ ನನಗೆ ಇದು ಹೊಳೆದಿರಲಿಲ್ಲ. ಮೇಷ್ಟ್ರು ದನಿ ತಗ್ಗಿಸಿ, ಅಮ್ಮ, ಒಳಗೆ ಬಂದು ಕುಂಡದ ಸುತ್ತ ಒಂದು ಸುತ್ತು ಹಾಕಿ ಅಂದರು.

ಇದೆಂಥ ಶಾಸ್ತ್ರವೋ ಅಂದುಕೊಂಡು ಒಳಗೆ ಬಂದೆ. ತುಳಸಿಗೆ ಸುತ್ತಿದ ಹಾಗೆ ನಿಧಾನವಾಗಿ ಬಲಕ್ಕೆ ಸುತ್ತಿದೆ. ಗಿಡ ನನ್ನ ಜೊತೆಗೆ ಸುತ್ತಿತು. ಕಿಟಕಿಯ ಹತ್ತಿರ ನಿಂತೆ, ನಿಂತಿತು. ಎರಡು ಹೆಜ್ಜೆ ಹಿಂದೆ ಇಟ್ಟೆ, ಹಿಂದಕ್ಕೆ ಹೊರಳಿತು. ಅದರ ತುದಿಯ ದೊಡ್ಡ ಹೂಗೊಂಚಲು ನನ್ನ ಬಲ ಪಕ್ಕೆಯ ಎತ್ತರಕ್ಕೆ ಸರಿಯಾಗಿ, ಬೆರಳು ಮಾಡಿ ತೋರಿಸಿದ ಹಾಗೆ ನಿಂತಿತು. ಸೊಂಟಕ್ಕೆ ಕಟ್ಟಿದ್ದ ಪಂಚೆಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

“ಬೀಜ ಹಾಕೋವಾಗ ಏನಂದ್ರಿ?” ಮೇಷ್ಟ್ರು ಕೇಳಿದರು.

“ನಮ್ಮನೆಯವರಿಗೆ ಅಂದೆ.”

“ನಿಮ್ಮನೆಯವರು ಎಷ್ಟು ಜನ ಅಮ್ಮ?”

“ಇಬ್ಬರು. ಇವರು, ಅತ್ತೆ.”

“ಇನ್ನೊಂದು ಸಲ ಎಣಿಸಿ.”

ನಾನು ಎಣಿಸಿದೆ. ಬೆರಳು ಮಡಿಸಿಯೇ ಎಣಿಸಿದೆ. ಇವರು ಒಂದು, ಅತ್ತೆ ಎರಡು. ಮೂರನೆಯ ಬೆರಳಿನ ಮೇಲೆ ಹೆಬ್ಬೆರಳಿಟ್ಟುಕೊಂಡು ಮಂಕು ಹಿಡಿದವಳ ಹಾಗೆ ನಿಂತೆ. ಆ ಮನೆಯ ನೆಲ ಸಾರಿಸಿ, ಒಲೆ ಹಚ್ಚಿ ಮೂವತ್ತೊಂದು ವರ್ಷವಾಗಿತ್ತು. ನಮ್ಮನೆಯವರಲ್ಲಿ ನಾನೂ ಒಬ್ಬಳು ಅಂತ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಗಿಡಕ್ಕೆ ಹೊಳೆದಿತ್ತು. ಅದು ಮನೆಯವರನ್ನೆಲ್ಲ ಎಣಿಸಿ, ಅವರಲ್ಲಿ ಯಾರ ನೋವು ದೊಡ್ಡದೋ ಅವರ ಕಡೆ ವಾಲಿತ್ತು.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇವರ ಮದ್ದು ನನ್ನ ಪಾಲಾಯಿತಲ್ಲ ಅಂತ ಗಿಡದ ಬುಡಕ್ಕೇ ಕೈ ಹಾಕಿದೆ, ಕಿತ್ತುಬಿಡುತ್ತೇನೆ, ಬೇರೆ ಬೀಜ ಕೊಡಿ ಮೇಷ್ಟ್ರೇ, ಈ ಸಲ ಹೆಸರು ಹೇಳುತ್ತೇನೆ ಅಂದೆ. ಹೂವು ಬಂದಾಯ್ತಲ್ಲ ಅಮ್ಮ ಅಂದರು ಮೇಷ್ಟ್ರು. ಹೂವು ಬಂದಾಯಿತು. ಇವರು ಮಂಚದ ಮೇಲೆ ಸಣ್ಣಗೆ ನಕ್ಕದ್ದು ಕೇಳಿತು. ತಿರುಗಿ ನೋಡಿದೆ. ಆ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ನಿಮಗೆ ಗೊತ್ತಿತ್ತಾ?”

“ಐದನೇ ವಾರದಿಂದ ನೋಡ್ತಿದೀನಿ,” ಅಂದರು. “ನೀನು ಅಡುಗೆಮನೇಲಿ ಪಾತ್ರೆ ಸದ್ದು ಮಾಡಿದ್ರೆ ಆ ಗೋಡೆ ಕಡೆ. ಹಿತ್ತಲಲ್ಲಿ ಬಟ್ಟೆ ಒಗೀತಿದ್ರೆ ಈ ಕಡೆ. ನೀನು ಸಂತೆಗೆ ಹೋದ ದಿನ ಕಿಟಕಿ ಸರಳಿಗೇ ಅಂಟ್ಕೊಂಡಿತ್ತು. ನೀನು ಬರೋ ಹೊತ್ತಿಗೆ ಬಾಗಿಲ ಕಡೆ ತಿರುಗೋದು, ಇನ್ನು ಬರ್ತಾಳೆ ಅಂತ ನನಗೆ ಗೊತ್ತಾಗ್ತಿತ್ತು.”

“ಮತ್ತೆ ಬಾಯಿ ಬಿಡಲಿಲ್ಲ ಯಾಕೆ?”

“ಬಿಟ್ಟಿದ್ರೆ ನೀನೇನು ಮಾಡ್ತಿದ್ದೆ, ದಾಕ್ಷಿ?”

ನಾನೇನು ಮಾಡುತ್ತಿದ್ದೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಅವತ್ತೇ ಗಿಡ ಕಿತ್ತು ಒಣಗಿಸಿ ಕಚೇರಿಗೆ ಒಯ್ದು, ಬೇರೆ ಬೀಜ ತಂದು, ಇವರಿಗಾಗಿ ಹಾಕುತ್ತಿದ್ದೆ. ಗ್ಯಾಸಿಗೆ ಓಮದ ಕಾಳು ಅಗಿಯುತ್ತಿದ್ದೆ. ಅದಕ್ಕೇ ಅವರು ಹೂವು ಬಿರಿಯಲಿ ಅಂತ ಕಾದಿದ್ದರು. ಅದಕ್ಕೇ ಮೇಷ್ಟ್ರನ್ನು ಬೈದು ಓಡಿಸಿದ್ದರು. ನೋವು ಇಳಿದಿತ್ತಲ್ಲ ನಿಮಗೆ, ಕೂಗುತ್ತಿರಲಿಲ್ಲವಲ್ಲ ಅಂದೆ. ಅವರು ದಿಂಬಿನ ಪಕ್ಕದಲ್ಲಿದ್ದ ಟವೆಲನ್ನು ಮೆಲ್ಲಗೆ ಹೊದಿಕೆಯೊಳಕ್ಕೆ ಸರಿಸಿದರು. ನಾನು ಹೋಗಿ ಅದನ್ನು ಎಳೆದುಕೊಂಡೆ. ಅಂಚಿನುದ್ದಕ್ಕೂ ತೂತು, ಒಂದು ಕಡೆ ಇನ್ನೂ ಒದ್ದೆ. ಇಲಿಯ ಹಲ್ಲು ಅಷ್ಟು ಅಗಲವಿರುವುದಿಲ್ಲ. ಕೂಗಿದರೆ ನನಗೆ ಕನಿಕರ ಹುಟ್ಟಿ ಏನಾದರೂ ಎಡವಟ್ಟು ಮಾಡಿಯೇನೆಂದು ಐದು ವಾರ ಆ ಬಟ್ಟೆ ಕಚ್ಚಿಕೊಂಡು ಮಲಗಿದ್ದರು, ಮಂಚದ ಕೆಳಗೆ ನಾನಿಟ್ಟ ಇಲಿಬೋನಿನ ಮೇಲೆ. ಮೇಷ್ಟ್ರು ಹೊರಗೆ ಹೋಗಿ ನಿಂತರು. ನಾನು ಆ ಟವೆಲು ಮುಖಕ್ಕೆ ಒತ್ತಿಕೊಂಡು, ಮದುವೆಯಾದಾಗಿನಿಂದ ಇವರಿಗೆ ಬೈಯದೆ ಉಳಿಸಿಟ್ಟಿದ್ದ ಬೈಗುಳವನ್ನೆಲ್ಲ ಬೈದೆ.

ಆಮೇಲಿನದು ಬೇಗ ಹೇಳುತ್ತೇನೆ. ದೊಡ್ಡಾಸ್ಪತ್ರೆಯಲ್ಲಿ ನನ್ನ ಹೊಟ್ಟೆಯ ಚಿತ್ರ ತೆಗೆದರು. ಗ್ಯಾಸಲ್ಲ, ಗಡ್ಡೆ. ಕಿತ್ತಳೆಹಣ್ಣಿನ ಗಾತ್ರ. ಇಷ್ಟು ದಿನ ಹೇಗೆ ತಡೆದುಕೊಂಡಿರಿ ಅಂತ ಡಾಕ್ಟರಮ್ಮ ಕೇಳಿದಳು. ಪಂಚೆ ಕಟ್ಟಿಕೊಂಡು ಅಂದೆ. ಇನ್ನು ಮೂರು ತಿಂಗಳು ಬಿಟ್ಟು ಬಂದಿದ್ದರೆ ತನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಅಂದಳು. ಕೊಯ್ದು ತೆಗೆದರು. ಮನೆಗೆ ಬಂದ ಮೇಲೆ ರೋಸಮ್ಮ ಹೂವು ಒಣಗಿಸಿ ತುಪ್ಪದಲ್ಲಿ ಕಾಸಿ, ಕಡಲೆಕಾಳಿನಷ್ಟು ನಾಲಿಗೆಗೆ ಇಟ್ಟಳು. ಆ ಮಧ್ಯಾಹ್ನ ನೋವು ಪೂರ್ತಿ ಇಳಿಯಿತು. ನೋವಿಲ್ಲದ ಮೈ ಎಷ್ಟು ಹಗುರ ಅಂತ ಎರಡು ವರ್ಷದಿಂದ ಮರೆತೇ ಹೋಗಿತ್ತು ನನಗೆ. ಆದರೆ ಆ ಸುಖವನ್ನು ಅನುಭವಿಸಲು ಬಿಟ್ಟರೆ ತಾನೆ? ಪಕ್ಕದ ಮಂಚದಲ್ಲಿ ಇವರು ಕರೆಂಟು ಹೊಡೆದಂತೆ ಮುರುಟಿಕೊಂಡಿದ್ದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ಕೂಗಿದರು. ನನ್ನ ತುಪ್ಪವನ್ನು ಅವರ ನಾಲಿಗೆಗೂ ಹಚ್ಚಿ ನೋಡಿದೆ. ಬರೀ ಸೊಪ್ಪು.

ಅತ್ತೆಯ ಕಾಲು ಹಿಡಿದುಕೊಂಡೆ. ಬೆಂಚನ್ನು ನಾನೇ ಹೊತ್ತು ತರಬೇಕೆಂದಿತ್ತು, ಹೊಲಿಗೆ ಹಾಕಿದ ಹೊಟ್ಟೆ ಬಿಡಲಿಲ್ಲ. ಎದ್ದೇಳಮ್ಮಿ, ನನಗೆ ನೋವಿದ್ರೆ ಊರಿಗೇ ಕೇಳ್ಸುತ್ತೆ, ಗಿಡ ಯಾಕೆ ಬೇಕು, ನಿನ್ನಂಥೋಳಿಗೆ ಬೇಕು ಗಿಡ ಅಂದರು ಅತ್ತೆ. ಆ ಮಾತನ್ನು ಬೈಗುಳ ಅಂತ ತಗೊಳ್ಳಬೇಕೋ ಏನೋ, ನನಗೆ ಇವತ್ತಿಗೂ ತಿಳಿದಿಲ್ಲ.

ಇವರು ಉಳಿದ ತಿಂಗಳುಗಳನ್ನೆಲ್ಲ ಕೂಗಿಕೊಂಡೇ ಕಳೆದರು. ವರ್ಷ ತುಂಬಿದ ದಿನವೇ ಮೇಷ್ಟ್ರು ಹೊಸ ಬೀಜ ತಂದರು. ಕುಂಡಕ್ಕೆ ಮಣ್ಣು ತುಂಬಿ, ನಾರಿನ ಪುಡಿ ಕಲಸಿ ತಯಾರಾಗಿದ್ದೆ. ಇವರು ಮಂಚದಿಂದ ಕೈ ಚಾಚಿದರು. ಕುಂಡ ಎತ್ತಿ ನನ್ನ ತೊಡೆ ಮೇಲಿಡಿ ಮೇಷ್ಟ್ರೇ, ಈ ಸಲ ನಾನೇ ಹಾಕ್ತೀನಿ ಅಂದರು. ಮುಖದಲ್ಲಿ ಅದೇ ಸಣ್ಣ ನಗು. ಅವರು ಮಣ್ಣಿಗೆ ಬಗ್ಗಿ ಏನು ಹೇಳುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪರರ ಮುಂದೆ ಅವರೂ ನನ್ನನ್ನು ಅನ್ನುವುದು ‘ನಮ್ಮನೆಯವರು’ ಅಂತಲೇ ತಾನೆ? ಮೇಷ್ಟ್ರ ಕೈಯಿಂದ ಬೀಜ ಕಿತ್ತು ಮುಷ್ಟಿಯಲ್ಲಿ ಹಿಡಿದು ಕುಂಡದ ಮುಂದೆ ಕೂತುಬಿಟ್ಟೆ.

ಕೂತೆ, ಆದರೆ ಬಾಯಿ ಏಳಲೊಲ್ಲದು. ನಾಲಿಗೆ ಅಂಗುಳಕ್ಕೆ ಅಂಟಿತು. ಮತ್ತೆ ಅದೇ ರಕ್ತ ಮುಖಕ್ಕೆ. ಹಿಂದೆ ಗೋಡೆಗೆ ಒರಗಿ ಅತ್ತೆ.

“ಹೇಳಮ್ಮಿ,” ಅಂದರು ಅತ್ತೆ. “ನಾನಿಟ್ಟ ಹೆಸರೇ, ಕಚ್ಚಲ್ಲ.”

ಬಗ್ಗಿದೆ. ಪಿಸುಗುಡಲಿಲ್ಲ. ಗುರುಶಾಂತಪ್ಪ ಅಂದೆ. ಗಿಡಕ್ಕೆ ಇನ್ನು ಎರಡನೇ ಅರ್ಥ ಹೊಳೆಯಬಾರದೆಂದು, ಹಾಲಮ್ಮನ ಮಗ, ದಾಕ್ಷಾಯಿಣಿಯ ಗಂಡ, ಲೈನ್‌ಮನ್ ಗುರುಶಾಂತಪ್ಪ ಅಂತ ಓಣಿಗೆ ಕೇಳುವ ಹಾಗೆ ಹೇಳಿದೆ.

“ಆಂ?” ಅಂದರು ಇವರು ಮಂಚದಿಂದ. ಯಾರೋ ಬಾಗಿಲಲ್ಲಿ ನಿಂತು ಕರೆದರೆ ಓಗೊಡುತ್ತೇವಲ್ಲ, ಹಾಗೆ. ಆಮೇಲೆ ಕರೆದದ್ದು ಯಾರೆಂದು ಅವರಿಗೆ ಗೊತ್ತಾಯಿತು. ಗೋಡೆಯ ಕಡೆ ಮುಖ ತಿರುಗಿಸಿಕೊಂಡರು, ಹೆಗಲು ಅಲುಗುತ್ತಿತ್ತು. ನಾನು ಬೀಜ ಹಾಕಿ ಮಣ್ಣು ಮುಚ್ಚಿದೆ.

ಮೊನ್ನೆಗೆ ಐದನೇ ವಾರ ಕಳೆಯಿತು. ಬೆಳಗ್ಗೆ ಇವರಿಗೆ ಕಾಫಿ ಹಿಡಿದುಕೊಂಡು ಆ ಹೊಸ್ತಿಲಿಗೆ ಬಂದು ನಿಂತೆ. ಒಳಗೆ ನೋಡಲು ಧೈರ್ಯ ಸಾಲಲಿಲ್ಲ. ಗಿಡ ಬಾಗಿಲ ಕಡೆ ನೋಡುತ್ತಿದ್ದರೆ? ಕಣ್ಣು ಮುಚ್ಚಿಕೊಂಡೆ. ಕೊನೆಗೆ ಕಣ್ಣು ಬಿಟ್ಟೆ. ಗಿಡ ಮಂಚದ ಕಡೆ ವಾಲಿ, ನನಗೆ ಬೆನ್ನು ಹಾಕಿ ನಿಂತಿತ್ತು. ನಾನು ಎಡಕ್ಕೆ ಸರಿದೆ, ಬಲಕ್ಕೆ ಸರಿದೆ, ಕೆಮ್ಮಿದೆ ಕೂಡ. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ ಅದು. ಹೊಸ್ತಿಲ ಮೇಲೇ ಕುಸಿದು ಕೂತು, ಆ ಕಾಫಿ ನಾನೇ ಕುಡಿದೆ.